ಎಣಿಕೆಗೆ ಮಾತ್ರ ಸಿಕ್ಕವರು

ಗೆರಿಮ್ಯಾಂಡರಿಂಗ್ ಎಂದರೆ ಎಲ್ಲರೂ ಮೊದಲು ತೋರಿಸುವುದು 1812ರ ಒಂದು ವ್ಯಂಗ್ಯಚಿತ್ರವನ್ನು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಗವರ್ನರ್ ಎಲ್‌ಬ್ರಿಜ್ ಗೆರಿ, ತಮ್ಮ ಪಕ್ಷಕ್ಕೆ ಅನುಕೂಲವಾಗುವಂತೆ ಕ್ಷೇತ್ರಗಳನ್ನು ಕೊರೆದ ಮಸೂದೆಗೆ ಸಹಿ ಹಾಕಿದ್ದರು. ಅದರಲ್ಲೊಂದು ಕ್ಷೇತ್ರ ಸಾಲಮ್ಯಾಂಡರ್ ಎಂಬ ಹಲ್ಲಿಯಂಥ ಪ್ರಾಣಿಯ ಹಾಗೆ ಕಂಡಿತು. ಪತ್ರಿಕೆಯವರು ಅದಕ್ಕೆ ರೆಕ್ಕೆ, ಉಗುರು ಬಿಡಿಸಿ ಗೆರಿಯ ಹೆಸರನ್ನು ಅಂಟಿಸಿದರು. ಅಂದಿನಿಂದ ಅನ್ಯಾಯವನ್ನು ನಕಾಶೆಯ ಸೊಟ್ಟ ಗೆರೆಗಳಲ್ಲೇ ಹುಡುಕುವ ಅಭ್ಯಾಸ ಬಂದಿದೆ. ಗೆರೆ ನೆಟ್ಟಗಿದ್ದೂ ಅನ್ಯಾಯವಾಗಬಹುದೇ? ಈ ಪ್ರಶ್ನೆ ನನಗೆ ಹುಟ್ಟಿದ್ದು ಅಯೋವಾ ರಾಜ್ಯದ ಅನಮೋಸಾ ಎಂಬ ಸಣ್ಣ ಊರಿನ ಕತೆ ಓದುವಾಗ.

ಆ ಊರಿನಲ್ಲಿ ನಾಲ್ಕು ವಾರ್ಡುಗಳಿದ್ದವು. ಪ್ರತಿಯೊಂದರಲ್ಲೂ ಹೆಚ್ಚುಕಮ್ಮಿ 1,400 ಜನ. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಎರಡನೇ ವಾರ್ಡಿನ ಸುಮಾರು 1,300 ಜನ ಅಲ್ಲಿನ ದೊಡ್ಡ ಜೈಲಿನ ಕೈದಿಗಳು. ಮನುಷ್ಯ ಹೆಚ್ಚು ದಿನ ಎಲ್ಲಿ ಉಂಡು ಮಲಗುತ್ತಾನೋ ಅಲ್ಲಿಯವನೆಂದು ಜನಗಣತಿಯವರು ಬರೆದುಕೊಳ್ಳುತ್ತಾರೆ. ಹಾಗಾಗಿ ಕೈದಿಗಳೆಲ್ಲ ಅನಮೋಸಾದ ನಿವಾಸಿಗಳಾದರು. ಮತದ ಹಕ್ಕು ಮಾತ್ರ ಇಲ್ಲ. 2005ರಲ್ಲಿ ಮತಪತ್ರದಲ್ಲಿ ಹೆಸರೇ ಅಚ್ಚಾಗಿರದ ಒಬ್ಬರು ಆ ವಾರ್ಡಿನಿಂದ ಪುರಸಭೆಗೆ ಆಯ್ಕೆಯಾದರು. ಬಿದ್ದ ಮತ ಎರಡು: ಒಂದು ಹೆಂಡತಿಯದು, ಇನ್ನೊಂದು ನೆರೆಮನೆಯವರದು. ಕೈದಿಗಳನ್ನು ನಿಮ್ಮ ಕ್ಷೇತ್ರದ ಜನ ಎಂದುಕೊಳ್ಳುತ್ತೀರಾ ಎಂದು ಪತ್ರಿಕೆಯವರು ಕೇಳಿದಾಗ, ಅವರು ಮತ ಹಾಕುವುದಿಲ್ಲವಲ್ಲ, ಹಾಗೇನೂ ಇಲ್ಲ ಎಂಬರ್ಥದ ಉತ್ತರ ಕೊಟ್ಟರು.

ಆ ಉತ್ತರದಲ್ಲಿ ಕಪಟವಿಲ್ಲ. ಮತ ಕದ್ದವರೂ ಇಲ್ಲಿ ಯಾರಿಲ್ಲ. ಹಾಗಾದರೆ ಕೆಟ್ಟದ್ದೇನಾಯಿತು? ಬೇರೆ ವಾರ್ಡಿನ 1,400 ಜನಕ್ಕೆ ಸಿಗುವಷ್ಟೇ ಅಧಿಕಾರ ಇಲ್ಲಿ ಜೈಲಿನ ಹೊರಗಿದ್ದ ಕೆಲವೇ ಮನೆಗಳವರಿಗೆ ಸಿಕ್ಕಿತು ಎನ್ನಬಹುದು. ಅದು ನಿಜ, ಆದರೆ ಗಣಿತದ ಉತ್ತರ. ನನಗೆ ಹೆಚ್ಚು ಚುಚ್ಚುವುದು ಕೈದಿಯ ದೇಹವನ್ನು ತಕ್ಕಡಿಯ ಬೊಟ್ಟಾಗಿ ಬಳಸಿದ್ದು. ಅವನ ತೂಕ ಬೇಕು, ಅವನ ಮಾತು ಬೇಡ. ಅಮೆರಿಕಕ್ಕೆ ಇದು ಹೊಸತೂ ಅಲ್ಲ. 1787ರ ಸಂವಿಧಾನ ಗುಲಾಮರನ್ನು ಐದರಲ್ಲಿ ಮೂರು ಪಾಲಾಗಿ ಎಣಿಸಿ, ಆ ಬಲದ ಮೇಲೆ ಅವರ ಒಡೆಯರ ರಾಜ್ಯಗಳಿಗೆ ಹೆಚ್ಚು ಸ್ಥಾನ ಕೊಟ್ಟಿತ್ತು.

ಇದನ್ನು ಹೇಳಿದಾಗ ವಿಭಾಗದ ಗೆಳೆಯನೊಬ್ಬ ತಡೆದ: "ಮಕ್ಕಳಿಗೂ ಮತವಿಲ್ಲ. ಅವರನ್ನೂ ಎಣಿಸುತ್ತೇವಲ್ಲ?" ಒಳ್ಳೆಯ ಪ್ರಶ್ನೆ. ಒಟ್ಟು ಜನಸಂಖ್ಯೆಯ ಆಧಾರದ ಮೇಲೆ ಕ್ಷೇತ್ರ ರಚಿಸಬಹುದೆಂದು ಅಮೆರಿಕದ ಸುಪ್ರೀಂ ಕೋರ್ಟು 2016ರಲ್ಲಿ ಒಪ್ಪಿದೆ, ನನಗೂ ಅದು ಸರಿಯೆನಿಸುತ್ತದೆ. ಆದರೆ ಮಗುವಿನ ಶಾಲೆಯ ಮಾಡು ಸೋರಿದರೆ ಅದರ ಅಪ್ಪ ಅಮ್ಮ ಅದೇ ವಾರ್ಡಿನ ಸದಸ್ಯರ ಮನೆ ಬಾಗಿಲಿಗೆ ಹೋಗುತ್ತಾರೆ. ಕೈದಿಯ ತಾಯಿ ಇರುವುದು ಎಲ್ಲೋ ದೂರದ ಪಟ್ಟಣದಲ್ಲಿ. ಅವಳ ಕ್ಷೇತ್ರದ ಲೆಕ್ಕದಲ್ಲಿ ಮಗ ಇಲ್ಲ, ಮಗನನ್ನು ಲೆಕ್ಕಕ್ಕೆ ಹಿಡಿದ ಊರಿನಲ್ಲಿ ಅವಳು ಯಾರೂ ಅಲ್ಲ.

ನಮ್ಮಲ್ಲೂ 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 62(5)ನೇ ಕಲಮಿನ ಪ್ರಕಾರ ಜೈಲಿನಲ್ಲಿರುವವರು ಮತ ಹಾಕುವಂತಿಲ್ಲ. ಅಪರಾಧ ಸಾಬೀತಾಗದ ವಿಚಾರಣಾಧೀನ ಕೈದಿಗಳೂ ಅದರಲ್ಲಿ ಸೇರಿದ್ದಾರೆ. ಲಕ್ಷಗಟ್ಟಲೆ ಜನರ ವಿಧಾನಸಭಾ ಕ್ಷೇತ್ರದಲ್ಲಿ ಒಂದು ಜೈಲಿನ ಲೆಕ್ಕ ಕರಗಿಹೋಗುತ್ತದೆ, ಕಣ್ಣಿಗೆ ಬೀಳುವುದಿಲ್ಲ, ಅಷ್ಟೆ.

ಅನಮೋಸಾದ ಜನ ಮುಂದೆ ವಾರ್ಡುಗಳನ್ನೇ ಕೈಬಿಟ್ಟು ಇಡೀ ಊರಿನಿಂದ ಸದಸ್ಯರನ್ನು ಆರಿಸಲು ತೀರ್ಮಾನಿಸಿದರು. ಕ್ಷೇತ್ರ ರಚಿಸುವಾಗ ಕೈದಿಗಳನ್ನು ಅವರ ಹಳೆಯ ವಿಳಾಸದಲ್ಲೇ ಎಣಿಸಬೇಕೆಂದು ನ್ಯೂಯಾರ್ಕ್ ಮತ್ತು ಮೇರಿಲ್ಯಾಂಡ್ ರಾಜ್ಯಗಳು 2010ರಲ್ಲಿ ಕಾನೂನು ಮಾಡಿದವು. ಅಲ್ಲೂ ಜೈಲಿನಲ್ಲಿರುವಷ್ಟು ಕಾಲ ಶಿಕ್ಷೆಗೊಳಗಾದವನಿಗೆ ಮತವಿಲ್ಲ. ಆದರೂ ಈ ಏರ್ಪಾಡಿನಲ್ಲಿ ಅವನ ಹೆಸರು ಹಿಡಿದು ಕೇಳಬಲ್ಲವರು ಅದೇ ಕ್ಷೇತ್ರದಲ್ಲಿರುತ್ತಾರೆ.