ಲೆಕ್ಕದ ಚೀಟಿಯೂ ಅಣುವ್ರತವೂ

ಭಾದ್ರಪದ ಶುಕ್ಲ ಪಂಚಮಿಯಿಂದ ಚತುರ್ದಶಿಯವರೆಗಿನ ದಶಲಕ್ಷಣ ಪರ್ವದಲ್ಲಿ ಶ್ರಾವಕರು ಏಕಾಶನ, ಉಪವಾಸಗಳನ್ನು ಕೈಕೊಳ್ಳುವರು. ಉತ್ತಮ ಆರ್ಜವ, ಉತ್ತಮ ಸತ್ಯಗಳ ಪೂಜೆ ಬಸದಿಯಲ್ಲಿ ಸಾಂಗವಾಗಿ ನೆರವೇರುವುದು. ಆದರೆ ಪಾರಣೆಯ ಮರುದಿನ ಬರೆಯುವ ಬಿಲ್ಲು ವಕ್ರವಾಗಿದ್ದರೆ, ಆ ಉಪವಾಸದಿಂದ ಬಳಲಿದ್ದು ದೇಹ ಮಾತ್ರ, ಲೋಭಕಷಾಯವು ಬಳಲಲಿಲ್ಲ.

ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯದಲ್ಲಿ ಉಮಾಸ್ವಾಮಿ ಆಚಾರ್ಯರು ಸತ್ಯಾಣುವ್ರತದ 5 ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯನ್ನೂ, ಅಚೌರ್ಯಾಣುವ್ರತದ 5 ಅತಿಚಾರಗಳಲ್ಲಿ ಹೀನಾಧಿಕ ಮಾನೋನ್ಮಾನ, ಪ್ರತಿರೂಪಕ ವ್ಯವಹಾರಗಳನ್ನೂ ಎಣಿಸಿದ್ದಾರೆ. ಸುಳ್ಳು ಬರಹ, ತಪ್ಪು ಅಳತೆ, ಒಳ್ಳೆಯದರ ಹೆಸರಿನಲ್ಲಿ ಕೀಳು ಸರಕು: ಕಟ್ಟಡದ ಗುತ್ತಿಗೆದಾರನ ಬಿಲ್ಲಿನಲ್ಲಿ ಈ ಮೂರಕ್ಕೂ ಎಡೆಯುಂಟು.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಇವು 2021ರಲ್ಲಿ ರಚನೆಗೊಂಡ ವಿಜಯನಗರ ಜಿಲ್ಲೆಯ ತಾಲ್ಲೂಕುಗಳು. ಇಲ್ಲಿನ ಒಬ್ಬ ರೈತನು ಬೆಳೆ ಮಾರಿದ ಹಣದಿಂದ ಮನೆ ಕಟ್ಟಿಸುವನೆಂದು ಭಾವಿಸೋಣ. ಗುತ್ತಿಗೆದಾರನ ಚೀಟಿಯಲ್ಲಿ ‘ಮನೆ ಕೆಲಸ’ ಎಂಬ ಎರಡು ಪದ, ಅದರ ಮುಂದೆ ಒಂದು ಮೊತ್ತ. ಸಿಮೆಂಟಿಗೆಷ್ಟು, ಕಬ್ಬಿಣಕ್ಕೆಷ್ಟು, ಕೂಲಿಗೆಷ್ಟು ಎಂದು ಕೇಳಲು ರೈತನಿಗೆ ಸಂಕೋಚ. ಅವನು ಕೊಡುವನು, ಆದರೆ ಅರಿತು ಕೊಡಲಾರನು. ಅರಿಯದಂತೆ ಮಾಡಿ ಪಡೆದ ಹಣವು ಅದತ್ತಕ್ಕೆ ಎಷ್ಟು ದೂರ?

ಹಾಗಾದರೆ ಎಷ್ಟು ಬರೆಯಬೇಕು? ಹಣ ಕೊಡುವವನು ತಾನೇ ಪರೀಕ್ಷಿಸಬಲ್ಲಷ್ಟು. ಅಳತೆಯ ಮೇಲಿನ ಕೆಲಸವಾದರೆ ಉದ್ದ, ಅಗಲ, ಎತ್ತರ, ದರ. ಸಾಮಾನು ತಂದುಕೊಟ್ಟಿದ್ದರೆ ಅದರ ಜಾತಿ, ಪ್ರಮಾಣ, ಬೆಲೆ. ಒಟ್ಟು ಗುತ್ತಿಗೆಯಾದರೆ ಮುಗಿದ ಹಂತ, ಪಡೆದ ಮುಂಗಡ, ಉಳಿದ ಬಾಕಿ. ಒಪ್ಪಂದದಲ್ಲಿಲ್ಲದ ಹೆಚ್ಚಿನ ಕೆಲಸವನ್ನು ಬೇರೆಯಾಗಿಯೇ ತೋರಿಸತಕ್ಕದ್ದು. ಒಟ್ಟು ಗುತ್ತಿಗೆಯಲ್ಲಿ ತನ್ನ ಲಾಭವನ್ನು ಬಿಡಿಸಿ ಹೇಳದಿರುವುದು ದೋಷವಲ್ಲ. ಲಾಭವನ್ನು ಸಿಮೆಂಟಿನ ಚೀಲಗಳ ಲೆಕ್ಕದಲ್ಲಿ ಅಡಗಿಸುವುದು ದೋಷ. ನೂರು ಸಾಲು ಬರೆದು ಓದುವವನನ್ನು ದಿಕ್ಕುಗೆಡಿಸುವುದೂ ಆರ್ಜವವಲ್ಲ.

ವಿವರಕ್ಕೂ ಎಲ್ಲೆಯುಂಟು. ಪರರ ಗುಟ್ಟನ್ನು ಹೊರಗೆಡಹುವುದನ್ನೂ ಆಚಾರ್ಯರು ಅತಿಚಾರವೆಂದೇ ಹೇಳಿದ್ದಾರೆ. ಮನೆಯೊಡೆಯನು ತಿಜೋರಿಯನ್ನು ಯಾವ ಗೋಡೆಯಲ್ಲಿ ಇಡಿಸಿದನೆಂಬುದು ಹತ್ತು ಜನರ ಕೈಗೆ ಹೋಗುವ ಕಾಗದದಲ್ಲಿ ಇರಬೇಕಾದುದಲ್ಲ.

2017ರ ಜುಲೈ 1ರಿಂದ ಜಾರಿಗೆ ಬಂದ ಸರಕು ಮತ್ತು ಸೇವಾ ತೆರಿಗೆಯಲ್ಲಿ ನೋಂದಾಯಿತನಾದವನು ಬಿಲ್ಲಿನಲ್ಲಿ ಕ್ರಮಸಂಖ್ಯೆ, ದಿನಾಂಕ, ಕೆಲಸದ ವಿವರ, ಮೌಲ್ಯ, ತೆರಿಗೆಯ ದರ, ಮೊತ್ತಗಳನ್ನು ನಮೂದಿಸಲೇಬೇಕು. ತೆರಿಗೆ ತಪ್ಪಿಸಲು ಒಂದು ಪಕ್ಕಾ ಬಿಲ್ಲು, ಒಂದು ಕಚ್ಚಾ ಚೀಟಿ ಇಡುವುದು ವಿರುದ್ಧರಾಜ್ಯಾತಿಕ್ರಮವೆಂಬ ಅತಿಚಾರವೇ ಸರಿ.

ಇದೇ ನಾಡಿನ ಕೋಗಳಿಯ ಪ್ರಾಚೀನ ಜಿನಾಲಯಕ್ಕೆ ಭವ್ಯರು ಕೊಟ್ಟ ದತ್ತಿಗಳು ಶಾಸನಗಳಲ್ಲಿ ದಾಖಲಾಗಿವೆ. ದೇವರ ಲೆಕ್ಕವನ್ನು ಕಲ್ಲಿನಲ್ಲಿ ಬರೆಸಿದ ಹಿರಿಯರ ಮಕ್ಕಳು ಮನುಷ್ಯರ ಲೆಕ್ಕವನ್ನು ಕಾಗದದಲ್ಲಾದರೂ ನೇರವಾಗಿ ಬರೆಯಬೇಡವೇ? ಸಂಜೆಯ ಸಾಮಾಯಿಕಕ್ಕೆ ಕೂರುವ ಮುನ್ನ ಶ್ರಾವಕನು ಆ ದಿನದ ಬಿಲ್ಲನ್ನು, ಹಣ ಕೊಡುವವನು ತಾನೇ ಎಂದು ಭಾವಿಸಿ, ಒಮ್ಮೆ ಓದಲಿ. ಕಣ್ಣು ತಡವರಿಸಿದ ಸಾಲನ್ನು ಅಂದೇ ತಿದ್ದಲಿ. ಅನಂತರ ಕೈಗೊಳ್ಳುವ ಉಪವಾಸವು ನಿಜವಾಗಿ ನಿರ್ಜರೆಗೆ ಕಾರಣವಾಗುವುದು.