ಹಿಂಭಾರ

ಗೊತ್ತಿದ್ದೂ ಸುಮ್ಮನಿರುವುದು ತಪ್ಪೇ? ಸುಳ್ಳು ಹೇಳಬಾರದೆಂದು ಇಷ್ಟು ವರ್ಷ ಮಕ್ಕಳಿಗೆ ಪಾಠ ಹೇಳಿಕೊಂಡು ಬಂದ ನಾನು ಈ ಇನ್ನೊಂದು ಪ್ರಶ್ನೆಯನ್ನು ನನಗೆ ನಾನೇ ಕೇಳಿಕೊಂಡದ್ದು ಮೂರು ಸೈಕಲ್ಲುಗಳ ದೆಸೆಯಿಂದ, ಅದೂ ದೂರದ ಇಂಗ್ಲೆಂಡಿನ ರಸ್ತೆಯಲ್ಲಿ.

2023ರ ಬೇಸಿಗೆ ರಜೆಯಲ್ಲಿ ಬರ್ಮಿಂಗ್‌ಹ್ಯಾಮಿನ ಮಗಳ ಮನೆಗೆ ಹೋಗಿದ್ದೆ. ಅಳಿಯಂದಿರು ಸ್ನೇಹಿತರೊಬ್ಬರಿಂದ ಕ್ಯಾರವಾನ್ ತಂದಿದ್ದರು. ಕಾರಿನ ಹಿಂದೆ ಕೊಂಡಿ ಹಾಕಿ ಎಳೆದೊಯ್ಯುವ ಗಾಲಿಮನೆ ಅದು. ಒಳಗೆ ಒಲೆ, ಹಾಸಿಗೆ ಎಲ್ಲವೂ ಉಂಟು. ವೇಲ್ಸ್‌ನ ಬೆಟ್ಟಗಳ ಕಡೆಗೆ ನಮ್ಮ ಪ್ರಯಾಣ. ಮಗಳು, ಅಳಿಯ, ಮೊಮ್ಮಗ ಮೂವರ ಸೈಕಲ್ಲುಗಳನ್ನೂ ಕ್ಯಾರವಾನಿನ ಹಿಂಬದಿಗೆ ಸ್ಟ್ಯಾಂಡು ಕೂರಿಸಿ ಬಿಗಿದಾಯಿತು. ಮೂರೂ ಸೇರಿ ಸುಮಾರು 40 ಕಿಲೋ.

ಕಾರಿಗೆ ಜೋಡಿಸುವ ಮುಂಚೆ ಅಳಿಯಂದಿರು ಕ್ಯಾರವಾನಿನ ಮೂತಿಯನ್ನು ಒಂದೇ ಕೈಯಲ್ಲಿ ಎತ್ತಿ, “ಎಷ್ಟು ಹಗುರ ಇದೆ ನೋಡಿ ಅತ್ತೆ” ಎಂದು ನಕ್ಕರು.

ನನಗೆ ನಗು ಬರಲಿಲ್ಲ. ಅಪ್ಪನ ನೆನಪಾಯಿತು. ಎತ್ತಿನ ಗಾಡಿಗೆ ಭತ್ತದ ಮೂಟೆ ಹೇರಿದ ಮೇಲೆ ಅಪ್ಪ ಮೂಕಿಯನ್ನು ಎತ್ತಿ ನೋಡುತ್ತಿದ್ದರು. ಅದು ಸಲೀಸಾಗಿ ಮೇಲೆದ್ದರೆ, “ಹಿಂಭಾರ ಆಯ್ತು, ಎತ್ತಿನ ಕೊರಳು ಬಿಗಿಯುತ್ತೆ” ಎಂದು ಒಂದೆರಡು ಮೂಟೆ ಮುಂದಕ್ಕೆ ಹಾಕಿಸುತ್ತಿದ್ದರು.

ಬಾಯಿಯವರೆಗೆ ಬಂದ ಮಾತನ್ನು ನುಂಗಿಕೊಂಡೆ. ಕಾರು ನಡೆಸಲು ಬಾರದವಳು ನಾನು. ಎತ್ತಿನ ಗಾಡಿಯ ನ್ಯಾಯ ಈ ದೇಶದ ಗಾಡಿಗೆ ಅನ್ವಯಿಸುತ್ತದೆಯೇ? ಹೊರಡುವ ಹೊತ್ತಿನಲ್ಲಿ ಅತ್ತೆ ಬುದ್ಧಿ ಹೇಳಿದರೆ ಮಗಳ ಮುಖ ಸಣ್ಣದಾಗದೇ? ಅಳಿಯಂದಿರು ಹೇಳಿದಂತೆ ಹಿಂದೆ ನಿಂತು, ಸೈಕಲ್ ಚಕ್ರಗಳು ಕೆಂಪು ದೀಪಗಳನ್ನಾಗಲಿ ನಂಬರ್ ಪ್ಲೇಟನ್ನಾಗಲಿ ಮರೆಮಾಡಿಲ್ಲ ಎಂದು ನೋಡಿ ಹೇಳಿದೆ. ಅಷ್ಟಕ್ಕೆ ನನ್ನ ಕೆಲಸ ಮುಗಿಯಿತೆಂದುಕೊಂಡು ಕಾರು ಹತ್ತಿದೆ.

ಹೆದ್ದಾರಿಯ ಒಂದು ಇಳಿಜಾರಿನಲ್ಲಿ ದೊಡ್ಡ ಲಾರಿಯೊಂದು ನಮ್ಮನ್ನು ದಾಟಿ ಹೋಯಿತು. ಅದರ ಗಾಳಿಗೆ ಕ್ಯಾರವಾನ್ ಹಾವಿನಂತೆ ಅತ್ತಿತ್ತ ಹೊಯ್ದಾಡತೊಡಗಿತು. ಕಾರಿನ ಹಿಂಭಾಗವನ್ನೂ ತನ್ನ ಜೊತೆ ಎಳೆದಾಡಿತು. ಅಳಿಯಂದಿರು ಗಾಬರಿಯಿಂದ ಬ್ರೇಕ್ ಒತ್ತಲಿಲ್ಲ. ಆಕ್ಸಿಲರೇಟರಿನಿಂದ ಕಾಲು ತೆಗೆದು, ಸ್ಟಿಯರಿಂಗನ್ನು ನೇರವಾಗಿ ಹಿಡಿದು ಕುಳಿತರು. ವೇಗ ಇಳಿದಂತೆ ಓಲಾಟವೂ ನಿಂತಿತು. ಆಮೇಲೆ ನಮ್ಮನ್ನು ದಾಟಿದ ಕಾರಿನಲ್ಲಿ ಇಬ್ಬರು ಮಕ್ಕಳು ಕಿಟಕಿಗೆ ಮುಖವಿಟ್ಟು ನಮ್ಮನ್ನೇ ನೋಡುತ್ತಿದ್ದರು. ಅಷ್ಟು ಹೊತ್ತೂ ಅವರು ನಮ್ಮ ಬೆನ್ನ ಹಿಂದೆಯೇ ಇದ್ದರು.

ವಿಶ್ರಾಂತಿ ತಾಣದಲ್ಲಿ ಗಾಡಿ ನಿಲ್ಲಿಸಿ ಅಳಿಯಂದಿರು ಕ್ಯಾರವಾನಿನ ಕೈಪಿಡಿ ತೆಗೆದರು. ಸಾಮಾನ್ಯವಾಗಿ ಗಾಡಿಯ ತೂಕದಲ್ಲಿ ನೂರಕ್ಕೆ 5ರಿಂದ 7ರಷ್ಟು ಪಾಲು ಕೊಂಡಿಯ ಮೇಲೆ ಕೂರಬೇಕಂತೆ. 1,200 ಕಿಲೋ ಗಾಡಿಯಾದರೆ 60ರಿಂದ 84 ಕಿಲೋ. ಕಾರು ಮತ್ತು ಕೊಂಡಿ ತಾಳುವ ಮಿತಿಯನ್ನೂ ಅದು ಮೀರಬಾರದು. ಹಿಂದಿನ ತುದಿಗೆ ಭಾರ ಹೇರಿದರೆ, ಏತದ ಒಂದು ತುದಿ ಬಗ್ಗಿದಾಗ ಇನ್ನೊಂದು ಏಳುವಂತೆ, ಮುಂದಿನ ಭಾರ ಇಳಿಯುತ್ತದೆ. ಗಾಡಿ ತೂಗಾಡಲು ಅಷ್ಟೇ ಸಾಕು. ಹಿಂಬದಿಗೆ ಸೈಕಲ್ ಹೊರಲು ಎಲ್ಲ ಕ್ಯಾರವಾನ್‌ಗಳಿಗೂ ತಯಾರಕರ ಒಪ್ಪಿಗೆ ಇರುವುದಿಲ್ಲ. ಹೊರಬಹುದಾದರೂ ತೂಕಕ್ಕೆ ಮಿತಿಯುಂಟು.

ಆಗ ಅಪ್ಪನ ಮೂಕಿಯ ಕತೆ ಹೇಳಿದೆ. ಅಳಿಯಂದಿರು ಸಿಟ್ಟಾಗಲಿಲ್ಲ. “ಮೊದಲೇ ಹೇಳಬಾರದಿತ್ತೇ ಅತ್ತೆ?” ಎಂದರು, ಅಷ್ಟೆ. ಬೈದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಸೈಕಲ್ಲುಗಳನ್ನು ಬಿಚ್ಚಿ, ಕ್ಯಾರವಾನಿನ ಒಳಗೆ ಹಳೆಯ ದುಪ್ಪಟಿ ಹಾಸಿ, ಚಕ್ರಗಳ ಅಚ್ಚಿನ ನೇರಕ್ಕೆ ನೆಲದ ಮೇಲೆ ಮಲಗಿಸಿ, ಅಲುಗದಂತೆ ಪಟ್ಟಿ ಬಿಗಿದೆವು. ಮೂತಿಯನ್ನು ಎತ್ತಲು ಈ ಸಲ ಅಳಿಯಂದಿರಿಗೆ ಎರಡು ಕೈಯೂ ಸಾಲದಾಯಿತು. ಹೆದ್ದಾರಿಯಲ್ಲಿ ಕ್ಯಾರವಾನ್ ಎಳೆಯುವವರಿಗೆ ಗಂಟೆಗೆ 60 ಮೈಲಿ, ಅಂದರೆ ಸುಮಾರು 96 ಕಿಲೋಮೀಟರ್ ಮಿತಿ. ನಾವು ಅದಕ್ಕಿಂತ ಬಹಳ ನಿಧಾನವಾಗಿಯೇ ಹೋದೆವು.

ಅಂದಿನಿಂದ ಯೋಚಿಸುತ್ತಲೇ ಇದ್ದೇನೆ. ನನ್ನ ಮೌನಕ್ಕೆ ನಾನು ಕೊಟ್ಟುಕೊಂಡ ಹೆಸರು ಮರ್ಯಾದೆ. ಆದರೆ ಅದರ ಬೆಲೆಯನ್ನು ತೆರಬೇಕಾಗುತ್ತಿದ್ದವರಲ್ಲಿ ಹೆಸರೂ ಗೊತ್ತಿಲ್ಲದ ಆ ಇಬ್ಬರು ಮಕ್ಕಳೂ ಇದ್ದರು. ನನಗೆ ಖಚಿತವಾಗಿ ಗೊತ್ತಿರಲಿಲ್ಲ ಎಂಬುದು ನಿಜ. ಹಾಗಿದ್ದರೆ ಬುದ್ಧಿವಾದ ಬೇಡ, “ಮೂತಿ ಇಷ್ಟು ಹಗುರ ಇರಬಹುದೇನಪ್ಪಾ?” ಎಂದು ಕೇಳಬಹುದಿತ್ತಲ್ಲ! ಅನುಮಾನ ಬಂದರೆ ಕೈ ಎತ್ತಿ ಕೇಳಿ ಎಂದು ತರಗತಿಯಲ್ಲಿ ದಿನವೂ ಹೇಳುವವಳು ನಾನೇ.

ನಮ್ಮಲ್ಲಿ ಎಷ್ಟೋ ಹೆಂಗಸರು ಮನೆಯ ನೆಮ್ಮದಿ ಕೆಡಬಾರದೆಂದು ಇಂಥ ಮಾತುಗಳನ್ನು ನುಂಗಿಕೊಂಡೇ ಬದುಕಿದ್ದೇವೆ. ನುಂಗಿದ ಮಾತು ಕರಗಿಹೋಯಿತೆಂದು ತಿಳಿಯುತ್ತೇವೆ. ಅದು ಹಿಂಭಾರವಾಗಿ ಕೂತಿರುತ್ತದೆ. ಅಪ್ಪ ಮೂಕಿ ಎತ್ತಿ ನೋಡಿದ್ದು ಮಾತು ಬಾರದ ಎತ್ತುಗಳಿಗಾಗಿ. ಮಾತು ಬಲ್ಲ ನಾನು ಅಂದು ಅಷ್ಟನ್ನೂ ಮಾಡಲಿಲ್ಲ.