ಉಲ್ಲೇಖದ ಲೆಕ್ಕ, ರಕ್ತದ ಲೆಕ್ಕ

ಒಂದು ಸಂಶೋಧನಾ ಲೇಖನದ ಬೆಲೆಯನ್ನು ನಾವು ಹೇಗೆ ಅಳೆಯಬೇಕು? ಹೆಚ್ಚು ಚಲಾವಣೆಯಲ್ಲಿರುವ ಅಳತೆಗೋಲು ಇದು: ಇತರ ಸಂಶೋಧಕರು ಅದನ್ನು ಎಷ್ಟು ಬಾರಿ ಉಲ್ಲೇಖಿಸಿದ್ದಾರೆ? ಪತ್ರಿಕೆಗಳನ್ನು ತೂಗುವುದೂ ಇದೇ ತಕ್ಕಡಿಯಲ್ಲಿ. ಹಿಂದಿನ ಎರಡು ವರ್ಷಗಳ ಲೇಖನಗಳಿಗೆ ಒಂದು ವರ್ಷದಲ್ಲಿ ದೊರೆತ ಉಲ್ಲೇಖಗಳನ್ನು ಆ ಲೇಖನಗಳ ಸಂಖ್ಯೆಯಿಂದ ಭಾಗಿಸಿದರೆ ಬರುವುದೇ 'ಇಂಪ್ಯಾಕ್ಟ್ ಫ್ಯಾಕ್ಟರ್'. ಅಮೆರಿಕದ ಯುಜೀನ್ ಗಾರ್ಫೀಲ್ಡ್ 1955ರಲ್ಲಿ ಮುಂದಿಟ್ಟ ಉಲ್ಲೇಖ ಸೂಚಿಯ ಯೋಚನೆಯಿಂದ ಬೆಳೆದ ಈ ಸಂಖ್ಯೆ ಇಂದು ಅನೇಕ ಕಡೆ ನೌಕರಿ, ಬಡ್ತಿ, ಅನುದಾನಗಳ ಮೇಲೂ ಪ್ರಭಾವ ಬೀರುತ್ತದೆ.

ಮಾನವ ತಳಿಶಾಸ್ತ್ರದ ಒಂದು ಹಳೆಯ ಪತ್ರಿಕೆಯನ್ನೇ ನೋಡೋಣ. ಕಾರ್ಲ್ ಪಿಯರ್ಸನ್ 1925ರಲ್ಲಿ ಲಂಡನ್ನಿನಲ್ಲಿ 'ಆ್ಯನಲ್ಸ್ ಆಫ್ ಯುಜೆನಿಕ್ಸ್' ಆರಂಭಿಸಿದರು. ಮನುಷ್ಯರಲ್ಲಿ ಉತ್ತಮ ತಳಿ, ಅಧಮ ತಳಿ ಎಂದು ವಿಂಗಡಿಸುವ ಸುಸಂತತಿ ಶಾಸ್ತ್ರದ ಪತ್ರಿಕೆಯದು. ರಷ್ಯಾ, ಪೋಲೆಂಡ್‌ಗಳಿಂದ ವಲಸೆ ಬಂದ ಯಹೂದಿಗಳ ಮಕ್ಕಳನ್ನು ಪರೀಕ್ಷಿಸಿ, ಸರಾಸರಿಯಲ್ಲಿ ಇವರು ಸ್ಥಳೀಯರಿಗಿಂತ ದೇಹದಲ್ಲೂ ಬುದ್ಧಿಯಲ್ಲೂ ಕೀಳು ಎಂದು ಸಾರಿದ ಲೇಖನ ಅದರ ಮೊದಲ ಸಂಪುಟದಲ್ಲೇ ಬಂತು. ಅಂಕಿ-ಅಂಶಗಳಿಗೇನೂ ಕೊರತೆಯಿರಲಿಲ್ಲ! ಅದೇ ಪತ್ರಿಕೆಯಲ್ಲಿ 1936ರಲ್ಲಿ ರೊನಾಲ್ಡ್ ಫಿಶರ್ ಪ್ರಕಟಿಸಿದ, 150 ಐರಿಸ್ ಹೂಗಳ ಅಳತೆಗಳನ್ನು ಕುರಿತ ಲೇಖನ ಇಂದಿಗೂ ಲೋಕವಿಖ್ಯಾತ. ನಮ್ಮ ಇಂಜಿನಿಯರಿಂಗ್ ಕಾಲೇಜುಗಳ ಲ್ಯಾಬ್‌ಗಳಲ್ಲೂ ವಿದ್ಯಾರ್ಥಿಗಳು ಆ ಹೂಗಳನ್ನೇ ವಿಂಗಡಿಸುತ್ತಾರೆ. ಹೂಗಳ ಗಣಿತದಲ್ಲಿ ದೋಷವಿಲ್ಲ, ನಿಜ. ಆದರೆ ಒಂದು ಲೇಖನವನ್ನು ಒಪ್ಪಿ ಹೆಸರಿಸಿದರೂ ಒಂದು ಉಲ್ಲೇಖ, ಖಂಡಿಸಿ ಹೆಸರಿಸಿದರೂ ಒಂದು ಉಲ್ಲೇಖ. ಕೀಳೆನಿಸಿಕೊಂಡ ಮಗುವಿಗೆ ಆ ಲೆಕ್ಕದಲ್ಲಿ ಜಾಗವೆಲ್ಲಿ?

1954ರಲ್ಲಿ, ಲಯೊನೆಲ್ ಪೆನ್‌ರೋಸ್ ಸಂಪಾದಕರಾಗಿದ್ದಾಗ, ಪತ್ರಿಕೆಯ ಹೆಸರು 'ಆ್ಯನಲ್ಸ್ ಆಫ್ ಹ್ಯೂಮನ್ ಜೆನೆಟಿಕ್ಸ್' ಎಂದಾಯಿತು. ಹೆಸರು ಬದಲಾಯಿತು, ಯಾರ ದೇಹ, ಯಾರ ಒಪ್ಪಿಗೆ ಎಂಬ ಪ್ರಶ್ನೆ ತಳಿಶಾಸ್ತ್ರವನ್ನು ಬಿಟ್ಟು ಹೋಗಲಿಲ್ಲ.

ಚೀನಾದ ಕ್ಸಿನ್‌ಜಿಯಾಂಗ್ ಪ್ರಾಂತ್ಯದಲ್ಲಿ 12ರಿಂದ 65 ವರ್ಷದೊಳಗಿನ ನಿವಾಸಿಗಳ ಡಿಎನ್‌ಎ ಮಾದರಿಗಳನ್ನು ಸಾಮೂಹಿಕವಾಗಿ ಸಂಗ್ರಹಿಸಲಾಗುತ್ತಿದೆ ಎಂದು ಹ್ಯೂಮನ್ ರೈಟ್ಸ್ ವಾಚ್ 2017ರಲ್ಲಿ ವರದಿ ಮಾಡಿತು. ಅಲ್ಲಿನ ಉಯ್ಘರ್ ಮುಸ್ಲಿಮರಲ್ಲಿ ಪೊಲೀಸರ ಮುಂದೆ 'ಇಲ್ಲ' ಎನ್ನುವ ಧೈರ್ಯ ಯಾರಿಗಿದ್ದೀತು? ಹೇಳಲಾಗದವನ ಸಹಿಯನ್ನು ಸಮ್ಮತಿ ಎನ್ನಬಹುದೇ? ಬೆಲ್ಜಿಯಂನ ಈವ್ ಮೊರೊ ಚೀನಾದ ಇಂತಹ ಸಂಶೋಧನೆಗಳ ಬಗ್ಗೆ ಪತ್ರಿಕೆಗಳಿಗೆ ಒಂದರ ಹಿಂದೊಂದು ದೂರು ಬರೆದರು. ಚೀನಾದ ಸುಮಾರು 38 ಸಾವಿರ ಪುರುಷರ ವೈ ವರ್ಣತಂತುಗಳನ್ನು ಕುರಿತ ಲೇಖನವನ್ನು 'ಹ್ಯೂಮನ್ ಜೆನೆಟಿಕ್ಸ್' ಪತ್ರಿಕೆ 2021ರಲ್ಲಿ ಹಿಂದೆಗೆದುಕೊಂಡಿತು. ಆದರೆ ಹಿಂದೆಗೆದುಕೊಂಡ ಲೇಖನಗಳನ್ನು ಆಮೇಲೂ ಉಲ್ಲೇಖಿಸುವವರಿದ್ದಾರೆ. ಕೊಟ್ಟ ರಕ್ತವನ್ನಂತೂ ಯಾರೂ ಹಿಂದಿರುಗಿಸಲಾರರು.

ಪಿಯರ್ಸನ್ ಆರಂಭಿಸಿದ ಆ ಪತ್ರಿಕೆಗೂ ಈ ಪ್ರಶ್ನೆ ಬಂದು ತಟ್ಟಿತು. ಉಯ್ಘರರ ಮೇಲಿನ ದಬ್ಬಾಳಿಕೆಯ ಕಾರಣಕ್ಕೆ ಚೀನಾದ ವಿಜ್ಞಾನವನ್ನು ಬಹಿಷ್ಕರಿಸಬೇಕೇ ಎಂದು ಚರ್ಚಿಸುವ ಲೇಖನವೊಂದನ್ನು ಪ್ರಕಾಶಕರು ಪ್ರಕಟಿಸಲು ಒಪ್ಪಲಿಲ್ಲ. ಸಂಪಾದಕ ಡೇವಿಡ್ ಕರ್ಟಿಸ್ 2020ರಲ್ಲಿ ರಾಜೀನಾಮೆ ಕೊಟ್ಟು ಹೊರನಡೆದರು.